ಉದ್ರಿ ಪುಸ್ತಕದ ದಾರಿ: ಮೊಂಬಾಸಾದಿಂದ ನ್ಯೇರಿಯವರೆಗೆ

ಕೀನ್ಯಾದ ಮಕಿಂಡು ಊರಿನ ಗುರುದ್ವಾರದಲ್ಲಿ ಊಟಕ್ಕೆ ದುಡ್ಡು ಕೇಳುವುದಿಲ್ಲ. ಮೊಂಬಾಸಾ–ನೈರೋಬಿ ಹೆದ್ದಾರಿಯಲ್ಲಿ ವಾಹನ ಓಡಿಸುವ ಎಲ್ಲರಿಗೂ ಇದು ಗೊತ್ತು. ನಮ್ಮ ಚಾಲಕ ಆ ಸೀಮೆಯ ಕಂಬಾ ಜನಾಂಗದವನು. ಮೊಂಬಾಸಾ ಬಿಡುವಾಗಲೇ "ಮಧ್ಯಾಹ್ನದ ಊಟ ಸಿಂಗರ ಮನೆಯಲ್ಲಿ" ಎಂದು ತೀರ್ಮಾನ ಮಾಡಿಬಿಟ್ಟಿದ್ದ. ಬಿಸಿಲಿಗೆ ಕೆಂಪಾದ ಮಣ್ಣು, ಮುಳ್ಳು ಮರಗಳು, ಲಾರಿಗಳ ಸಾಲು ದಾಟಿ ಒಳಗೆ ಹೋದರೆ ಗುಡಿಸಿ ತೊಳೆದ ಅಂಗಳ, ಹೂವಿನ ಗಿಡಗಳು. ಕೈಕಾಲು ತೊಳೆದು ತಲೆಗೆ ಬಟ್ಟೆ ಕಟ್ಟಿ ಕುಳಿತೆವು. ಬಿಸಿ ಚಪಾತಿ, ದಾಲ್, ಪಲ್ಯ, ಅನ್ನ, ಕೊನೆಗೆ ಏಲಕ್ಕಿ ಹಾಕಿದ ಚಹಾ. ಬಡಿಸುತ್ತಿದ್ದ ಕಂಬಾ ಹೆಂಗಸು ನನ್ನ ತಟ್ಟೆಗೆ ಎರಡನೆಯ ಸಲ ದಾಲ್ ಹಾಕಿ ಮುಂದಿನವರ ಕಡೆಗೆ ಹೋದಳು. ರಾತ್ರಿ ಉಳಿಯಬೇಕೆಂದರೆ ಕೋಣೆಗಳೂ ಇವೆ.

ಈ ಗುರುದ್ವಾರ ಕಟ್ಟಿದ್ದು 1926ರಲ್ಲಿ, ರೈಲ್ವೆಯಲ್ಲಿದ್ದ ಸಿಖ್ ಬಡಗಿಗಳು, ಕಮ್ಮಾರರು, ಮೇಸ್ತ್ರಿಗಳು. 1896ರಲ್ಲಿ ಬ್ರಿಟಿಷರು ಮೊಂಬಾಸಾದಿಂದ ಶುರು ಮಾಡಿದ ಉಗಾಂಡಾ ರೈಲ್ವೆಯ ಹಳಿ 1901ರ ಕೊನೆಗೆ ವಿಕ್ಟೋರಿಯಾ ಸರೋವರದ ದಡ ಮುಟ್ಟಿತು. ಹಳಿ ಹಾಕಲು ಹಿಂದೂಸ್ತಾನದಿಂದ ಸುಮಾರು 32 ಸಾವಿರ ಜನರನ್ನು ಕರಾರಿನ ಮೇಲೆ ಕರೆತಂದರು. ಸುಮಾರು ಎರಡೂವರೆ ಸಾವಿರ ಮಂದಿ ಸತ್ತರು, ಬಹುಪಾಲು ಜನ ವಾಪಸು ಹೊರಟರು, ಏಳು ಸಾವಿರಕ್ಕೂ ಕಡಿಮೆ ಜನ ಅಲ್ಲೇ ನಿಂತರು. ದಾರಿಯ ಸಾವೋ ಎಂಬಲ್ಲಿ ಮನುಷ್ಯರನ್ನು ತಿಂದ ಸಿಂಹಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕಾಯಿಲೆಗೆ ಬಲಿಯಾದವರ ಲೆಕ್ಕದ ಮುಂದೆ ಸಿಂಹಕ್ಕೆ ಸಿಕ್ಕವರು ಬಹಳ ಕಡಿಮೆ.

ರೈಲು ಓಡತೊಡಗಿದ ಮೊದಲ ವರ್ಷಗಳಲ್ಲಿ ಗಾಡಿಯೊಳಗೆ ಅಡುಗೆ ಇರಲಿಲ್ಲ. ವೋಯ್, ಮಕಿಂಡು ಇಂಥ ನಿಲ್ದಾಣಗಳ ಡಾಕ್ ಬಂಗಲೆಗಳ ಮುಂದೆ ಗಾಡಿ ನಿಲ್ಲುತ್ತಿತ್ತು, ಬಿಳಿಯ ಪ್ರಯಾಣಿಕರು ಇಳಿದು ಮೇಜಿಗೆ ಕೂರುತ್ತಿದ್ದರು. ಅಡುಗೆಯ ಗುತ್ತಿಗೆ ಗೋವಾದವರದು. ನೆಲೆ ನಿಲ್ಲಲು ಬಂದ ಇಂಗ್ಲಿಷರು ಬರೆದ ನೆನಪುಗಳಲ್ಲಿ ಆ ಊಟವನ್ನು ಬೈಯದವರು ಸಿಗುವುದು ಕಷ್ಟ. ಗಟ್ಟಿ ಮಾಂಸ, ತೆಳು ಸೂಪು, ದೀಪಕ್ಕೆ ಮುತ್ತುವ ಹುಳ. ಬೈದವರು ಯಾರೂ ಅಡುಗೆಯವನ ಹೆಸರು ಮಾತ್ರ ಬರೆಯಲಿಲ್ಲ.

ನಾನು ತಿಪಟೂರಿನ ದಿನಸಿ ಅಂಗಡಿಯವರ ಮನೆಯವನು. ಗಲ್ಲಾ, ತಕ್ಕಡಿ, ಉದ್ರಿ ಪುಸ್ತಕ ನೋಡುತ್ತ ಬೆಳೆದವನು. ಅಕ್ಕ, ಭಾವ ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿದ್ದಾರೆ. ಮಸಾಯ್ ಮಾರಾಕ್ಕೆ ಟಿಕೆಟ್ ಮಾಡಿಸುತ್ತೇನೆಂದು ಹೊರಟ ಭಾವನನ್ನು ತಡೆದು, ಮೊದಲು ಪೇಟೆ ನೋಡುತ್ತೇನೆ ಎಂದೆ. "ಜನ ಇಲ್ಲಿಗೆ ಸಿಂಹ ನೋಡೋಕೆ ಬರ್ತಾರೆ. ಇವ್ನು ಶೆಟ್ರಂಗಡಿ ನೋಡೋಕೆ ಬಂದಿದ್ದಾನೆ" ಎಂದು ಅಕ್ಕ ಫೋನಿನಲ್ಲಿ ಅಮ್ಮನಿಗೆ ದೂರು ಕೊಟ್ಟಳು.

ಬಿಯಾಶಾರಾ ಬೀದಿಗೆ ಹಿಂದೆ ಬಜಾರ್ ಬೀದಿ ಎಂದೇ ಹೆಸರು. ಎರಡೂ ಬದಿಗೆ ಬಟ್ಟೆ ಅಂಗಡಿಗಳು. ಹೆಂಗಸರು ಉಡುವ ಕಾಂಗಾ, ಲುಂಗಿಯಂಥ ಕಿಕೊಯ್, ಕಂಬಳಿ, ಶಾಲೆಯ ಸಮವಸ್ತ್ರ, ಹುಟ್ಟಿದ ಮಗುವಿನ ಸಾಮಾನು. ಮೇಲಂತಸ್ತಿನ ಮರದ ಕಿಟಕಿಗಳನ್ನು ನೋಡಿದರೆ ಕೆಳಗೆ ಅಂಗಡಿ, ಮೇಲೆ ಸಂಸಾರ ಎಂಬ ಹಳೆಯ ಪದ್ಧತಿ ಗೊತ್ತಾಗುತ್ತದೆ. ಇದಕ್ಕೂ ಮೊದಲಿನ ಬಜಾರು ತಗಡು, ಹಲಗೆ, ಟೆಂಟುಗಳ ಗಲೀಜು ಕೇರಿಯಾಗಿತ್ತು. 1899ರಲ್ಲಿ ಹಳಿ ಇಲ್ಲಿಗೆ ತಲುಪಿದಾಗ ನೈರೋಬಿ ಎಂದರೆ ಒಂದು ಜೌಗು ಬಯಲು. ಗುಡ್ಡ ಹತ್ತುವ ಮುಂಚೆ ರೈಲಿನ ಸಾಮಾನು ಇಳಿಸಲು ಸಮತಟ್ಟು ಜಾಗ ಬೇಕಿತ್ತು, ಅಷ್ಟೆ. ಎತ್ತರದ ಜಾಗ ರೈಲ್ವೆಯ ದೊರೆಗಳಿಗೆ, ಜೌಗಿನ ಅಂಚು ಬಜಾರಿಗೆ. 1902ರಲ್ಲಿ ಪ್ಲೇಗು ಬಂತು. ಅದನ್ನು ಮೊದಲು ಗುರುತಿಸಿದವರು ಗೋವಾದ ಡಾಕ್ಟರ್ ರೊಸೆಂಡೊ ರಿಬೇರೊ, ಪಳಗಿಸಿದ ಜೀಬ್ರಾದ ಮೇಲೆ ಕೂತು ರೋಗಿಗಳ ಮನೆಗೆ ಹೋಗುತ್ತಿದ್ದ ಆಸಾಮಿ. ಜೀಬ್ರಾ ಸವಾರಿಯ ಅವರ ಫೋಟೊ ಈಗಲೂ ನೋಡಸಿಗುತ್ತದೆ. ರಿಬೇರೊ ಸುದ್ದಿ ಕೊಟ್ಟರು, ಅಧಿಕಾರಿಗಳು ಇಡೀ ಬಜಾರಿಗೆ ಬೆಂಕಿ ಇಡಿಸಿದರು.

ಬೀದಿಯ ನಡುವಿನ ಒಂದು ಕಂಬಳಿ ಅಂಗಡಿಯಲ್ಲಿ ಎಂಬತ್ತು ದಾಟಿದ ಗುಜರಾತಿ ಹಿರಿಯರೊಬ್ಬರು ಗಲ್ಲಾದಲ್ಲಿ ಕೂತಿದ್ದರು. ನನ್ನ ಹಿಂದಿ ಅವರಿಗೆ ನಗು ತರಿಸಿತು, ಅವರ ಹಿಂದಿಯಲ್ಲಿ ಅರ್ಧ ಸ್ವಾಹಿಲಿ. ನಮ್ಮದೂ ಅಂಗಡಿ ಎಂದು ಹೇಳಿದ ಮೇಲೆ ಸ್ಟೂಲು ಹಾಕಿಸಿ ಚಹಾ ತರಿಸಿದರು.

"ಕಾಕಾ, ಬಿಳಿಯರಿಗೂ ಉದ್ರಿ ಕೊಡುತ್ತಿದ್ದಿರಾ?" ಎಂದೆ.

"ಬಿಳಿಯರಿಗೇ ಉದ್ರಿ ಬೇಕಾಗಿದ್ದು! ಆಫ್ರಿಕನ್ ಕೈಯಲ್ಲಿ ಕಾಸು ಹಿಡಿದೇ ಬರುತ್ತಿದ್ದ. ದೊರೆ ಚೀಟಿ ಕಳಿಸುತ್ತಿದ್ದ."

ಆ ಒಂದು ಮಾತಿನಲ್ಲಿ ವಸಾಹತಿನ ವ್ಯಾಪಾರವೆಲ್ಲ ಇದೆ ಎಂದು ನನಗನಿಸಿತು. ನೆಲೆ ನಿಂತ ಬಿಳಿಯ ರೈತನಿಗೆ ಸಾವಿರಾರು ಎಕರೆ ಇತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಕಾಫಿ ಗಿಡ ಫಲ ಕೊಡಲು ವರ್ಷಗಳು ಬೇಕು. ಗೋಧಿಗೆ ತುಕ್ಕು ರೋಗ, ದನಕ್ಕೆ ಉಣ್ಣಿಹುಳದ ಜ್ವರ. ಅಲ್ಲಿಯವರೆಗೆ ಹಿಟ್ಟು, ಸಕ್ಕರೆ, ಚಹಾ, ಬೆಂಕಿಪೊಟ್ಟಣ, ಸೀಮೆಎಣ್ಣೆ, ಛಾವಣಿಯ ತಗಡು, ಮೊಳೆ, ಕೂಲಿಯಾಳುಗಳಿಗೆ ಕೊಡುವ ಮೆಕ್ಕೆಜೋಳದ ಹಿಟ್ಟು, ಇಷ್ಟೂ ಹತ್ತಿರದ ದುಕಾದಿಂದ, ಅಂದರೆ ಹಿಂದೂಸ್ತಾನಿಯ ಅಂಗಡಿಯಿಂದ ಬರಬೇಕು. ಹಳ್ಳಿಯ ದುಕಾದವನಿಗೆ ನೈರೋಬಿಯ ಸಗಟು ವ್ಯಾಪಾರಿ ಉದ್ರಿ ಕೊಟ್ಟಿರುತ್ತಿದ್ದ, ನೈರೋಬಿಯವನಿಗೆ ಮೊಂಬಾಸಾದ ಆಮದುದಾರ, ಅವನಿಗೆ ಮುಂಬಯಿಯ ಪೇಢಿಯೋ ಮ್ಯಾಂಚೆಸ್ಟರಿನ ಕಂಪನಿಯೋ. ಈ ಸರಪಳಿಯ ಕೊನೆಯ ಕೊಂಡಿಯಲ್ಲಿ ಲಾರ್ಡ್ ಬಿರುದಿನ ದೊರೆ ಚೀಟಿ ಬರೆದು ಆಳಿನ ಕೈಯಲ್ಲಿ ಕಳಿಸುತ್ತಿದ್ದ. ಆಫ್ರಿಕನ್ನರಿಗೆ ಸಾಲ ಕೊಡದಂತೆ ಕಾನೂನೇ ಮಿತಿ ಹಾಕಿತ್ತು. ಅವರ ರಕ್ಷಣೆಗೆಂದು ಸರ್ಕಾರ ಹೇಳಿಕೊಳ್ಳುತ್ತಿತ್ತು. ಅಂಗಡಿ ಇಡಬೇಕೆಂದಿದ್ದ ಕಿಕುಯು ಜನಾಂಗದ ಹುಡುಗನಿಗೆ ಇದರಿಂದ ಬಂಡವಾಳದ ಬಾಗಿಲು ಮುಚ್ಚಿತು ಎಂಬುದು ಅಂಗಡಿಯವನಿಗೆ ಬೇಗ ಹೊಳೆಯುತ್ತದೆ.

ಆ ಕಾಲದ ದುಡ್ಡು ನಮ್ಮ ರೂಪಾಯಿಯೇ. ಪೂರ್ವ ಆಫ್ರಿಕಾದಲ್ಲಿ 1920ರವರೆಗೆ ರೂಪಾಯಿಯಲ್ಲೇ ವ್ಯವಹಾರ. ಒಂದು ಪೌಂಡಿಗೆ 15 ರೂಪಾಯಿ. 1920ರಲ್ಲಿ ಸರ್ಕಾರ ರೂಪಾಯಿಗೆ ಎರಡು ಶಿಲಿಂಗ್ ಎಂದು ನಿಗದಿ ಮಾಡಿತು, ಅಂದರೆ ಪೌಂಡಿಗೆ ಹತ್ತೇ ರೂಪಾಯಿ. 15 ಸಾವಿರ ರೂಪಾಯಿ ಸಾಲ ಮಾಡಿದ್ದ ರೈತನ ಮೇಲಿನ ಹೊರೆ ಒಂದು ಸಾವಿರ ಪೌಂಡಿನಿಂದ ಒಂದೂವರೆ ಸಾವಿರಕ್ಕೆ ಹತ್ತಿತು. ಬೆಳೆ ಮಾರುತ್ತಿದ್ದದ್ದು ಲಂಡನ್ನಿನಲ್ಲಿ, ಪೌಂಡಿಗೆ. ಬ್ಯಾಂಕುಗಳಿಗೆ ಲಾಭವಾಯಿತು, ಬೈಗುಳ ಮಾತ್ರ ಬನಿಯಾ ವ್ಯಾಪಾರಿಗೆ. ಹಿಂದೂಸ್ತಾನದ ನಾಣ್ಯ ಬೇಡ, ಹಿಂದೂಸ್ತಾನದ ವ್ಯಾಪಾರಿ ಬೇಡ ಎಂಬ ಕೂಗು ಆಗ ಇನ್ನೂ ಜೋರಾಯಿತು.

ಜಮೀನನ್ನಾದರೂ ಕೊಳ್ಳಬಹುದಿತ್ತಲ್ಲ ಎಂದು ನಾನು ಕಾಕಾಗೆ ಕೇಳಲಿಲ್ಲ, ಉತ್ತರ ಗೊತ್ತಿತ್ತು. ಎತ್ತರದ ತಂಪು ಸೀಮೆ ಬಿಳಿಯರಿಗೇ ಮೀಸಲು ಎಂದು 1908ರಲ್ಲೇ ಲಂಡನ್ನಿನ ಮಂತ್ರಿ ಎಲ್ಗಿನ್ ಭರವಸೆ ಕೊಟ್ಟಾಗಿತ್ತು. 1915ರ ಕಾನೂನು ಅವರಿಗೆ 999 ವರ್ಷಗಳ ಗುತ್ತಿಗೆ ಕೊಟ್ಟಿತು. ಅಲ್ಲಿದ್ದ ಕಿಕುಯು, ಮಸಾಯ್ ಜನ ಮೀಸಲು ಪ್ರದೇಶಗಳಿಗೆ ಹೋದರು ಅಥವಾ ತಮ್ಮದೇ ನೆಲದಲ್ಲಿ ಕೂಲಿಗೆ ನಿಂತರು. ಹಿಂದೂಸ್ತಾನಿಗೆ ಉಳಿದದ್ದು ಪೇಟೆಯ ನಿವೇಶನ, ಅದೂ ಬಜಾರಿನ ಎಲ್ಲೆಯೊಳಗೆ. ಹುಟ್ಟುಗುಣದಿಂದ ಇವರು ವ್ಯಾಪಾರಿಗಳು ಎಂದು ಬರೆದ ಅಧಿಕಾರಿಗಳು ಈ ಕಾನೂನನ್ನು ಮಾಡಿದವರೇ.

ಬಜಾರಿನ ದೊಡ್ಡ ಕುಳಗಳು ಎಲ್ಲೆ ಮೀರಿ ಬೆಳೆದದ್ದೂ ಇದೆ. ಕಛ್‌ನಿಂದ ಹನ್ನೆರಡರ ಹುಡುಗನಾಗಿ ಬಂದ ಅಲಿದೀನಾ ವಿಶ್ರಾಂ ರೈಲಿನ ಹಳಿ ಹೋದಲ್ಲೆಲ್ಲ ದುಕಾ ಇಟ್ಟು ಉಗಾಂಡಾದವರೆಗೆ ವ್ಯಾಪಾರ ಹರಡಿ 1916ರಲ್ಲಿ ತೀರಿಕೊಂಡರು. ಕರಾಚಿಯ ಬೋಹ್ರಾ ಎ. ಎಂ. ಜೀವನ್‌ಜೀ ರೈಲ್ವೆಗೆ ಆಳು, ಅಕ್ಕಿಬೇಳೆ ಒದಗಿಸಿ, ಅರ್ಧ ನೈರೋಬಿ ಕಟ್ಟಿಸಿ, ಪತ್ರಿಕೆಯನ್ನೂ ಶುರು ಮಾಡಿದರು. ಅದು ಬಿಳಿಯರ ಕೈಗೆ ಮಾರಾಟವಾಗಿ ಅವರದೇ ದನಿಯಾಯಿತು. ಇವತ್ತಿನ ಸ್ಟ್ಯಾಂಡರ್ಡ್ ಪತ್ರಿಕೆ ಅದೇ. ಅವರು ಊರಿಗೆ ಕೊಟ್ಟ ಉದ್ಯಾನದ ಬೆಂಚಿನಲ್ಲಿ ಕೂತು ಕಡಲೆಕಾಯಿ ತಿಂದೆ. ಪಕ್ಕದಲ್ಲಿ ಒಬ್ಬ ಬೋಧಕ ದೆವ್ವಗಳ ಮೇಲೆ ಕೂಗುತ್ತಿದ್ದ. ಜಾಗವನ್ನು ಕಟ್ಟಡಕ್ಕೆ ಕೊಡಲು 1991ರಲ್ಲಿ ಹೊರಟಾಗ ತಡೆದು ನಿಲ್ಲಿಸಿದವರು ಜೀವನ್‌ಜೀ ಮೊಮ್ಮಗಳು ಜರೀನಾ ಪಟೇಲ್.

ಇನ್ನು ಹೋಟೆಲುಗಳು. ನೈರೋಬಿಯ ಬಿಳಿಯರಿಗೆ ಹೋಟೆಲೆಂದರೆ ಮಲಗುವ ಜಾಗ ಮಾತ್ರ ಆಗಿರಲಿಲ್ಲ. ವಿಕ್ಟೋರಿಯಾ ಬೀದಿಯಲ್ಲಿ ಟಾಮಿ ವುಡ್ ಎಂಬುವನ ಹೋಟೆಲಿನಲ್ಲೇ ಅಂಗಡಿ, ಅಲ್ಲೇ ಟಪಾಲು, ಅಲ್ಲೇ ವಲಸಿಗರ ಸಭೆ. ಅದೇ ಬೀದಿಯಲ್ಲಿ 1902ರಲ್ಲಿ ಮೇಯೆನ್ಸ್ ಬೆಂಟ್ ಎಂಬ ಹೆಂಗಸು ಸ್ಟ್ಯಾನ್ಲಿ ಹೋಟೆಲು ತೆರೆದಳು. 1905ರಲ್ಲಿ ಅದು ಸುಟ್ಟುಹೋಯಿತು, ಬೇರೆ ಕಟ್ಟಡಕ್ಕೆ ಹೋಯಿತು, 1913ರಲ್ಲಿ ಈಗಿನ ಮೂಲೆಗೆ ಬಂತು. ಈ ಹೋಟೆಲಿನ ಹಾಸಿಗೆಗಳದ್ದೊಂದು ಕಥೆ ಇದೆ. ಲಿಥುವೇನಿಯಾದ ಬಡ ಯಹೂದಿ ಹುಡುಗ ಏಬ್ರಹಾಂ ಬ್ಲಾಕ್ 1903ರಲ್ಲಿ ದಕ್ಷಿಣ ಆಫ್ರಿಕಾ ಬಿಟ್ಟು ಇಲ್ಲಿಗೆ ಬಂದ. ಬೆಂಟಮ್ಮನಿಗೆ ಹಾಸಿಗೆಗಳು ಬೇಕಾಗಿದ್ದವು. ಬಜಾರಿನಿಂದ ಬಟ್ಟೆ ತಂದು, ಅಲ್ಲಿಯ ದರ್ಜಿಯಿಂದ ಹೊಲಿಸಿ, ಒಣಹುಲ್ಲು ತುಂಬಿ ಕೊಟ್ಟ ಎಂದು ನೈರೋಬಿಯಲ್ಲಿ ಹೇಳುತ್ತಾರೆ. 1927ರಲ್ಲಿ ನಾರ್ಫೋಕ್ ಹೋಟೆಲು ಬ್ಲಾಕ್ ಕೈಗೆ ಬಂತು, 1947ರಲ್ಲಿ ಸ್ಟ್ಯಾನ್ಲಿಯೂ ಬಂತು. ಕಥೆ ಕೇಳಲು ಚೆಂದ. ಹಾಸಿಗೆ ಹೊಲಿದ ದರ್ಜಿಗೆ ಮಾತ್ರ ಆ ಏಣಿ ಹತ್ತುವಂತಿರಲಿಲ್ಲ. ಕರಿಯರಿಗೂ ಹಿಂದೂಸ್ತಾನಿಗಳಿಗೂ ಇಂಥ ಹೋಟೆಲುಗಳ ಊಟದ ಮನೆಯಲ್ಲಿ ಕುರ್ಚಿ ಸಿಕ್ಕಿದ್ದು 1950ರ ದಶಕ ಮುಗಿಯುತ್ತ ಬಂದಾಗ.

ನಾರ್ಫೋಕಿನಲ್ಲಿ ನಾನೂ ಒಂದು ಮಧ್ಯಾಹ್ನ ಚಹಾ ಕುಡಿದೆ. ಆ ದುಡ್ಡಿಗೆ ಬಿಯಾಶಾರಾದಲ್ಲಿ ಹೆಚ್ಚುಕಡಿಮೆ ಒಂದು ಕಾಂಗಾ ಬರುತ್ತಿತ್ತು. 1904ರ ಕ್ರಿಸ್‌ಮಸ್ ದಿನ ತೆರೆದ ಹೋಟೆಲು. ಬಿರುದಾಂಕಿತರು ತುಂಬಿಕೊಳ್ಳುತ್ತಿದ್ದರೆಂದು ಇದಕ್ಕೆ ಹೌಸ್ ಆಫ್ ಲಾರ್ಡ್ಸ್ ಎಂಬ ಅಡ್ಡಹೆಸರು. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬೇಟೆಗೆ ಬಂದಾಗ ಇಲ್ಲೂ ತಂಗಿದ್ದ. ಬಿಳಿಯ ವಲಸಿಗರ ಮುಖಂಡ ಲಾರ್ಡ್ ಡೆಲಮೇರ್ ಕುಡಿದು ಬೀದಿ ದೀಪಗಳಿಗೆ ಗುಂಡು ಹೊಡೆದ ಕಥೆಯನ್ನು ಎಷ್ಟು ಪ್ರೀತಿಯಿಂದ ಹೇಳುತ್ತಾರೆಂದರೆ, ಒಬ್ಬ ಸೋಮಾಲಿಯೋ ಪಂಜಾಬಿಯೋ ಅದೇ ಕೆಲಸ ಮಾಡಿದ್ದರೆ ಎಷ್ಟು ವರ್ಷ ಜೈಲಾಗುತ್ತಿತ್ತು ಎಂದು ಲೆಕ್ಕ ಹಾಕುತ್ತ ಕೂತೆ.

ಹೋಟೆಲಿನ ಮುಂದಿನ ರಸ್ತೆಗೆ ಈಗ ಹ್ಯಾರಿ ಥುಕು ಹೆಸರು. ಟೆಲಿಫೋನ್ ಕೆಲಸದಲ್ಲಿದ್ದ ಈ ಕಿಕುಯು ಯುವಕ ಗುಡಿಸಲು ತೆರಿಗೆ, ಬಿಟ್ಟಿ ದುಡಿಮೆ, ಕೊರಳಿಗೆ ಕಟ್ಟಿಕೊಳ್ಳಬೇಕಿದ್ದ ಗುರುತಿನ ಚೀಟಿ ಇವುಗಳ ವಿರುದ್ಧ ಸಂಘ ಕಟ್ಟಿದ. 1922ರ ಮಾರ್ಚ್ 14ರಂದು ಬಂಧಿಸಿದರು. 16ರಂದು ಠಾಣೆಯ ಮುಂದೆ ಸಾವಿರಾರು ಜನ ಸೇರಿದರು. ಗಂಡಸರು ಹಿಂದೆ ಸರಿಯುತ್ತಿದ್ದಾಗ ಮೇರಿ ಮುಥೋನಿ ನ್ಯಾಂಜಿರು ಎಂಬಾಕೆ ಲಂಗ ಎತ್ತಿ, "ನನ್ನದು ನೀವು ಉಡಿ, ನಿಮ್ಮ ಚಡ್ಡಿ ಇತ್ತ ಕೊಡಿ" ಎಂಬ ಅರ್ಥದಲ್ಲಿ ಹಂಗಿಸಿದಳಂತೆ. ಪೊಲೀಸರು ಗುಂಡು ಹಾರಿಸಿದರು, ಸತ್ತವರಲ್ಲಿ ಅವಳೂ ಒಬ್ಬಳು. ಸರ್ಕಾರದ ಲೆಕ್ಕ 21, ಜನರ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು. ನಾರ್ಫೋಕಿನ ಜಗಲಿಯಲ್ಲಿ ಕುಡಿಯುತ್ತಿದ್ದ ಬಿಳಿಯರೂ ಬಂದೂಕು ಎತ್ತಿಕೊಂಡರೆಂಬ ಆಪಾದನೆ ಆಗಲೇ ಹುಟ್ಟಿತು, ಇತಿಹಾಸದ ಪುಸ್ತಕಗಳಲ್ಲೂ ಉಳಿಯಿತು.

ಅದೇ ಥುಕುವಿಗೆ ಬಜಾರಿನ ಕಡೆಯಿಂದ ಜಾಗ ಕೊಟ್ಟವರು ಮಣಿಲಾಲ್ ದೇಸಾಯಿ. ಸೂರತ್ ಕಡೆಯವರು, ವಕೀಲರ ಕಚೇರಿಯ ಗುಮಾಸ್ತಗಿರಿ ಬಿಟ್ಟು ಈಸ್ಟ್ ಆಫ್ರಿಕನ್ ಕ್ರಾನಿಕಲ್ ಎಂಬ ಪತ್ರಿಕೆ ನಡೆಸುತ್ತಿದ್ದರು. ಥುಕುವಿನ ಕರಪತ್ರಗಳಿಗೆ ಅವರ ಮುದ್ರಣಾಲಯವೇ ಆಸರೆ. ನಮ್ಮವರನ್ನು ಹೊಗಳಿಕೊಳ್ಳಲು ಇಷ್ಟೊಂದು ಆತುರ ಬೇಡ. ಆಫ್ರಿಕನ್ ಗಿರಾಕಿಗೆ ತೂಕದಲ್ಲಿ ಹೊಡೆದ ದುಕಾದವರೂ ಇದ್ದರು, ಆಳನ್ನು ಐವತ್ತು ವರ್ಷವಾದರೂ "ಬಾಯ್" ಎಂದೇ ಕರೆದವರೂ ಇದ್ದರು. ಜಗಲಿಯ ಬಂದೂಕು, ಬಜಾರಿನ ಮೊಳೆ ಎರಡೂ ನಡಿಗೆಯ ದೂರದಲ್ಲಿದ್ದವು ಎನ್ನುವುದಷ್ಟೇ ನಾನು ಕಂಡದ್ದು. ಮೊಳೆ ಎಂದರೆ ಅಚ್ಚಿನ ಮೊಳೆ.

ಭಾವನಿಗೆ ರಜೆ ಸಿಕ್ಕ ವಾರಾಂತ್ಯ ಉತ್ತರಕ್ಕೆ ಹೊರಟೆವು. ನ್ಯೇರಿ ನೈರೋಬಿಯಿಂದ ಸುಮಾರು 150 ಕಿ.ಮೀ. ದಾರಿಯುದ್ದಕ್ಕೂ ಅನಾನಸು, ಕಾಫಿ, ಬಾಳೆ, ಮೆಕ್ಕೆಜೋಳ. ಮಣ್ಣಿನ ಬಣ್ಣ ನೋಡಿ ಅಕ್ಕ "ಥೇಟ್ ಚಿಕ್ಕಮಗಳೂರು" ಎಂದಳು, ನಾನು ಒಪ್ಪಲಿಲ್ಲ, ಭಾವ ಯಾರ ಪಕ್ಷವನ್ನೂ ವಹಿಸಲಿಲ್ಲ. ಕರಟಿನಾದ ಸಂತೆಯಲ್ಲಿ ಅವರೆಕಾಳು ಕಂಡು ಅಕ್ಕನ ವಾದ ಗೆದ್ದಿತು.

ನ್ಯೇರಿಯಲ್ಲಿ ಬಿಳಿಯರ ಹೋಟೆಲು ಔಟ್‌ಸ್ಪ್ಯಾನ್. 1920ರ ದಶಕದಲ್ಲಿ ಎರಿಕ್ ಶೆರ್‌ಬ್ರೂಕ್ ವಾಕರ್ ಕಟ್ಟಿದ. ಸ್ಕೌಟ್ ಚಳವಳಿಯ ಬೇಡೆನ್ ಪೊವೆಲ್‌ಗೆ ಕಾರ್ಯದರ್ಶಿಯಾಗಿದ್ದವನು, ನಡುವೆ ಕಳ್ಳ ಸಾರಾಯಿ ಸಾಗಿಸಿಯೂ ದುಡ್ಡು ಮಾಡಿದವನು. ಬೇಡೆನ್ ಪೊವೆಲ್ ತನ್ನ ಕೊನೆಯ ವರ್ಷಗಳನ್ನು ಇದರ ಆವರಣದ ಪ್ಯಾಕ್ಸ್‌ಟು ಎಂಬ ಪುಟ್ಟ ಮನೆಯಲ್ಲಿ ಕಳೆದು 1941ರಲ್ಲಿ ತೀರಿಕೊಂಡ. ನೈನಿತಾಲ್ ಬಿಟ್ಟು ಬಂದ ಜಿಮ್ ಕಾರ್ಬೆಟ್ ಅದೇ ಮನೆಯಲ್ಲಿ ನೆಲೆಸಿದರು. 1952ರಲ್ಲಿ ವಾಕರನದೇ ಟ್ರೀಟಾಪ್ಸ್ ಮರದ ಮನೆಯಲ್ಲಿ ಎಲಿಜಬೆತ್ ರಾಜಕುಮಾರಿ ತಂಗಿದ ರಾತ್ರಿ ಅಪ್ಪ ಸತ್ತು ರಾಣಿಯಾದಳಲ್ಲ, ಆ ರಾತ್ರಿ ಕಾರ್ಬೆಟ್ ಜೊತೆಗಿದ್ದರು. ಬೇಡೆನ್ ಪೊವೆಲ್, ಕಾರ್ಬೆಟ್ ಇಬ್ಬರ ಸಮಾಧಿಯೂ ಊರಿನ ಚರ್ಚಿನ ಸ್ಮಶಾನದಲ್ಲಿದೆ. ಕುಮಾಊಂ ನರಭಕ್ಷಕಗಳ ಕಥೆ ಕನ್ನಡದಲ್ಲಿ ಓದಿ ಬೆಳೆದ ನಮಗೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆನಿಸಿತು, ನಿಂತೆವು. ಟ್ರೀಟಾಪ್ಸಿನ ಮೊದಲ ಮನೆಯನ್ನು 1954ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದಿದ್ದ ಮಾವ್ ಮಾವ್ ಹೋರಾಟಗಾರರು ಸುಟ್ಟರು.

ಪೇಟೆ ಬೀದಿಯಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ನ್ಯೇರಿಯ ಮೊದಲ ಅಂಗಡಿಕಾರರ ಸಾಲಿನಲ್ಲಿ ಉಸ್ಮಾನ್ ಅಲ್ಲು ಎಂಬ ಹೆಸರು ಕೇಳಿದ್ದೆ. ಸೈನ್ಯ ಠಾಣೆ ಹಾಕಿದ ಹಿಂದೆಯೇ ಹೊರೆಯಾಳುಗಳ ತಲೆಯ ಮೇಲೆ ಬಟ್ಟೆ, ತಂತಿ, ಮಣಿ ಹೊರಿಸಿಕೊಂಡು ಕಾಲುನಡಿಗೆಯಲ್ಲಿ ಬಂದ ತಲೆಮಾರು ಅದು. ಅವರ ಹಿಂದೆ ಫುಂಡಿಗಳು ಬಂದರು, ಬಡಗಿ, ಕಮ್ಮಾರ, ಗಾರೆಯವರು. ದೊರೆಯ ಮನೆಯ ಕಲ್ಲು ಕಟ್ಟಿದವನು, ಎತ್ತಿನ ಗಾಡಿಯ ಗಾಲಿಗೆ ಪಟ್ಟಿ ಹಾಕಿದವನು, ಜೋಳದ ಗಿರಣಿ ಕೂರಿಸಿದವನು ಬಹುಪಾಲು ಕುಶಲಕರ್ಮಿ ಪಂಗಡದ ರಾಮ್‌ಗಢಿಯಾ ಸಿಖ್ಖನೇ. ಅವರ ಕೈಕೆಳಗೆ ಕಲಿತ ಕಿಕುಯು ಹುಡುಗರು ಮುಂದೆ ತಾವೇ ಫುಂಡಿಗಳಾದರು.

ನಾವು ಹೊಕ್ಕದ್ದು ಒಂದು ಹಾರ್ಡ್‌ವೇರ್ ಅಂಗಡಿ. ತಗಡಿನ ಛಾವಣಿ, ಉದ್ದನೆಯ ಮರದ ಕೌಂಟರು. ಮಾಲೀಕರು ಎಪ್ಪತ್ತು ದಾಟಿದ ಕಿಕುಯು ಹಿರಿಯರು. 1967ರ ಪರವಾನಗಿ ಕಾನೂನು ಬಂದಮೇಲೆ ಪೌರತ್ವವಿಲ್ಲದ ಹಿಂದೂಸ್ತಾನಿಗಳು ಸಣ್ಣ ಊರುಗಳಲ್ಲಿ ಅಂಗಡಿ ನಡೆಸುವಂತಿರಲಿಲ್ಲ. ಸಾವಿರಾರು ಮಂದಿ 1968ರಲ್ಲಿ ಇಂಗ್ಲೆಂಡಿಗೆ ವಿಮಾನ ಹತ್ತಿದರು. ಇವರ ಅಪ್ಪ ಆ ಅಂಗಡಿಯ ಆಳಾಗಿದ್ದರಂತೆ. ಹೊರಡುವಾಗ ಅಂಗಡಿಯ ಮಾಲೀಕ ಪಟೇಲ್ ಒಳಗಿನ ಮಾಲನ್ನೆಲ್ಲ ಕಂತಿನ ಮೇಲೆ ಅವರಿಗೇ ಬಿಟ್ಟುಕೊಟ್ಟ. ಕಂತು ಲಂಡನ್ನಿಗೆ ಹೋಯಿತು, ಪೂರ್ತಿ ತೀರಿತು. "ಅಪ್ಪನಿಗೆ ಓದು ಬಾರದು, ಗುಜರಾತಿ ಅಂಕಿ ಮಾತ್ರ ಬರುತ್ತಿತ್ತು. ನಮ್ಮ ಹಳೆಯ ಲೆಕ್ಕದ ಪುಸ್ತಕ ನಮ್ಮ ಮನೆಯಲ್ಲೇ ಯಾರಿಗೂ ಓದಲು ಬರುವುದಿಲ್ಲ" ಎಂದು ನಕ್ಕರು. ಭಾವ ಸ್ವಾಹಿಲಿಯಿಂದ ಕನ್ನಡಕ್ಕೆ ಹೇಳುತ್ತಿದ್ದರು, ಹಿರಿಯರನ್ನು ಮಝೇ ಎಂದು ಗೌರವದಿಂದ ಕರೆಯುತ್ತ.

ಗೋಡೆಯ ಮೇಲೆ ಸ್ವಾಹಿಲಿಯಲ್ಲಿ ಒಂದು ಹಲಗೆ: ಉದ್ರಿ ಇವತ್ತಿಲ್ಲ, ನಾಳೆ ಬನ್ನಿ. ನಮ್ಮ ಅಂಗಡಿಯಲ್ಲೂ ಅಂಥದೇ ಇದೆ ಎಂದೆ. "ಹಾಗಿದ್ದರೂ ಉದ್ರಿ ಕೊಡುತ್ತೀರಿ ತಾನೇ?" ಎಂದರು. ಕೊಡುತ್ತೇವೆ ಎಂದೆ. ಅವರು ಕೌಂಟರಿನ ಕೆಳಗಿನಿಂದ ತಮ್ಮ ಪುಸ್ತಕ ಎತ್ತಿ ತೋರಿಸಿದರು. ಮೇಷ್ಟರುಗಳದ್ದೇ ಹೆಚ್ಚು ಖಾತೆಯಂತೆ, ಸಂಬಳವಾದ ವಾರ ತೀರಿಸುತ್ತಾರಂತೆ.

ಆಮೇಲೆ ಮಾತು ಬೀಗಗಳ ಕಡೆಗೆ ಹೊರಳಿತು. ಗೋಡೆಗೆ ತೂಗಿದ್ದವುಗಳಲ್ಲಿ ಅಲಿಗಢದ ಮಾಲು ಕಂಡು ನಮ್ಮಲ್ಲಿ ಇದರ ಚಿಲ್ಲರೆ ಬೆಲೆ ಎಷ್ಟೆಂದು ಹೇಳಿದೆ. ಭಾವ ಶಿಲಿಂಗಿಗೆ ತಿರುಗಿಸಿದರು. ಮಝೇ ಕನ್ನಡಕ ಏರಿಸಿ ನನ್ನ ಮುಖ ನೋಡಿ, ಇನ್ನೊಮ್ಮೆ ಕೇಳಿ, ರಸೀದಿ ಪುಸ್ತಕದ ಹಿಂದೆ ಬರೆದುಕೊಂಡು, ಹಡಗಿನ ಬಾಡಿಗೆ, ಸುಂಕ ಎಂದು ಬೆರಳು ಮಡಚಿ ಲೆಕ್ಕ ಹಾಕಿದರು. ಲೆಕ್ಕ ಕೂಡಲಿಲ್ಲ. "ಆ ಮೊಂಬಾಸಾದವನು!" ಎಂದು ಫೋನು ತೆಗೆದರು. ನಾವು ಮೆಟ್ಟಿಲು ಇಳಿದು ಕಾರಿನ ಬಾಗಿಲು ಹಾಕಿಕೊಳ್ಳುವವರೆಗೂ ಆ ಸಗಟು ವ್ಯಾಪಾರಿಗೆ ಬೀಳುತ್ತಿದ್ದ ಬೈಗುಳ ಕೇಳುತ್ತಲೇ ಇತ್ತು. ಅದನ್ನು ಮಾತ್ರ ಭಾವ ಕನ್ನಡಕ್ಕೆ ಹೇಳಲಿಲ್ಲ, ಅಕ್ಕ ಪಕ್ಕದಲ್ಲಿದ್ದಳು.